ತಾಳೆಯಾದ ಲೆಕ್ಕವೆಲ್ಲ ಸರಿಯೆ? ಲೆಕ್ಕಪತ್ರ ವ್ಯಾಸಂಗದ ಆಯ್ಕೆ

ಲೆಕ್ಕ ಬರೆಯುವ ವಿದ್ಯೆಯಿಂದ ಜೀವನೋಪಾಯಕ್ಕೆ ದಾರಿ ಮಾಡಿಕೊಳ್ಳಬಯಸುವ ತರುಣ ತರುಣಿಯರ ಮುಂದೆ ಇಂದು ಹಲವು ಶಿಕ್ಷಣಕ್ರಮಗಳಿವೆ. ಕೆಲವೇ ತಿಂಗಳಲ್ಲಿ ಮುಗಿಯುವ ಕಂಪ್ಯೂಟರ್ ತರಬೇತಿಯುಂಟು, ವಾಣಿಜ್ಯ ಪದವಿಯುಂಟು, ಚಾರ್ಟರ್ಡ್ ಅಕೌಂಟೆಂಟರ ದೀರ್ಘ ವ್ಯಾಸಂಗವುಂಟು. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಹಣವನ್ನೂ ಕಾಲವನ್ನೂ ತೆತ್ತ ಮೇಲೆ ಪರಿತಪಿಸುವುದಕ್ಕಿಂತ, ಈ ವಿದ್ಯೆಯ ತಿರುಳೇನೆಂಬುದನ್ನು ಮೊದಲೇ ವಿಚಾರಮಾಡುವುದು ಲೇಸು.

ವೆನಿಸ್ ನಗರದ ವರ್ತಕರಲ್ಲಿ ರೂಢಿಯಲ್ಲಿದ್ದ ಜೋಡಿ ನಮೂದಿನ ಪದ್ಧತಿಯನ್ನು 1494ರಲ್ಲಿ ಅಚ್ಚಿನ ಗ್ರಂಥದಲ್ಲಿ ವಿವರಿಸಿದ ಲೂಕಾ ಪಾಚೋಲಿ ವರ್ತಕನಲ್ಲ, ಗಣಿತದ ಅಧ್ಯಾಪಕ. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯಬೇಕು. ಖರ್ಚು ಬದಿಯ ಮೊತ್ತವೂ ಜಮಾ ಬದಿಯ ಮೊತ್ತವೂ ಸಮನಾಗಿರಬೇಕು. ಇದಿಷ್ಟೇ ಅದರ ಮೂಲಸೂತ್ರ. ಭೌತವಿಜ್ಞಾನವನ್ನು ಓದಿದವರಿಗೆ ಇದು ಶಕ್ತಿ ಸಂರಕ್ಷಣೆಯ ನಿಯಮವನ್ನು ನೆನಪಿಗೆ ತರುತ್ತದೆ. ಒಂದು ರೂಪದಲ್ಲಿ ಕಡಮೆಯಾದ ಶಕ್ತಿಯು ಮತ್ತೊಂದು ರೂಪದಲ್ಲಿ ಅಷ್ಟೇ ಪ್ರಮಾಣದಲ್ಲಿ ಕಾಣಿಸಿಕೊಳ್ಳಬೇಕಷ್ಟೆ.

ಎರಡು ಬದಿಗಳೂ ಕೂಡದಿದ್ದಲ್ಲಿ ಎಲ್ಲಿಯೋ ತಪ್ಪಿದೆಯೆಂದು ತಾಳೆಪಟ್ಟಿಯು ಸಾರುತ್ತದೆ. ಅಂಗಡಿಯ ಬಾಡಿಗೆ 5,400 ರೂಪಾಯಿಯನ್ನು ನಗದು ಖಾತೆಯಲ್ಲಿ ಸರಿಯಾಗಿ ಬರೆದು, ಬಾಡಿಗೆ ಖಾತೆಯಲ್ಲಿ 4,500 ಎಂದು ಬರೆದರೆನ್ನೋಣ. ವ್ಯತ್ಯಾಸ 900, ಇದು 9ರಿಂದ ನಿಶ್ಶೇಷವಾಗಿ ಭಾಗಿಸಲ್ಪಡುತ್ತದೆ. ಇದು ಆಕಸ್ಮಿಕವಲ್ಲ. ಅಕ್ಕಪಕ್ಕದ ಎರಡು ಅಂಕಿಗಳು ಸ್ಥಾನ ಬದಲಿಸಿದಾಗ ಬರುವ ವ್ಯತ್ಯಾಸವು (10ಅ + ಬ) – (10ಬ + ಅ), ಎಂದರೆ 9(ಅ – ಬ) ಆಗುತ್ತದೆ. ಮುಂದೆ ಸೊನ್ನೆಗಳು ಸೇರಿದರೂ ಈ ಗುಣ ಕೆಡದು. ಆದುದರಿಂದ ವ್ಯತ್ಯಾಸವು 9ರ ಅಪವರ್ತ್ಯವಾಗಿದ್ದರೆ, ಅಂಕಿಗಳು ಅದಲುಬದಲಾಗಿವೆಯೆ ಎಂದು ಅನುಭವಿಗಳಾದ ಗುಮಾಸ್ತರು ಮೊದಲು ಹುಡುಕುತ್ತಿದ್ದರು.

ಈ ದುಡಿಮೆಯನ್ನು ಈಗ ಯಂತ್ರವು ವಹಿಸಿಕೊಂಡಿದೆ. ಎರಡು ಬದಿಗಳೂ ಸಮನಾಗದ ನಮೂದನ್ನು ತಂತ್ರಾಂಶವು ಸ್ವೀಕರಿಸುವುದೇ ಇಲ್ಲ. ಹಾಗಾದರೆ ತಪ್ಪುಗಳು ಮುಗಿದುವೆ? ಇಲ್ಲ. ದಿನಸಿ ವ್ಯಾಪಾರಿಯೊಬ್ಬನು 12,000 ರೂಪಾಯಿಗೆ ತೂಕದ ಯಂತ್ರವನ್ನು ಕೊಂಡನೆಂದು ಭಾವಿಸೋಣ. ಅದನ್ನು ಉಪಕರಣಗಳ ಖಾತೆಗೆ ಬದಲಾಗಿ ಸರಕು ಖರೀದಿಯ ಖಾತೆಗೆ ಬರೆದರೂ ತಾಳೆಪಟ್ಟಿ ಕೂಡುತ್ತದೆ. ಆದರೆ ಹಲವು ವರ್ಷಗಳ ಸವಕಳಿಯಾಗಿ ಹಂಚಿಹೋಗಬೇಕಾದ ವೆಚ್ಚವು ಒಂದೇ ವರ್ಷದ ಲಾಭವನ್ನು ತಿಂದುಹಾಕುತ್ತದೆ. ಬಿಲ್ಲೊಂದನ್ನು ಬರೆಯಲು ಮರೆತೇಬಿಟ್ಟರೂ ತಾಳೆಗೆ ಭಂಗವಿಲ್ಲ. ಯಂತ್ರವು ಕಾಣದ ಇಂತಹ ತಪ್ಪನ್ನು ಕಾಣಬಲ್ಲವನಿಗೇ ಇನ್ನು ಮುಂದೆ ಬೆಲೆ. ಶಿಕ್ಷಣವನ್ನು ಆರಿಸುವಾಗ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳತಕ್ಕದ್ದು.

ನೌಕರಿಯನ್ನು ಬಯಸುವವರಿಗೆ ವಾಣಿಜ್ಯ ವಿಷಯದ ತಳಹದಿಯೂ, ಬೆಂಗಳೂರಿನ ಸಂಸ್ಥೆಯೊಂದು ನೀಡಿರುವ ಟ್ಯಾಲಿಯಂತಹ ತಂತ್ರಾಂಶದ ಅಭ್ಯಾಸವೂ ಪ್ರಾರಂಭಕ್ಕೆ ಸಾಕಾಗಬಹುದು. ಅಲ್ಲಿ ಹೊಸಬರ ಬರವಣಿಗೆಯನ್ನು ಪರಿಶೀಲಿಸಲು ಸಾಮಾನ್ಯವಾಗಿ ಹಿರಿಯರೊಬ್ಬರಿರುತ್ತಾರೆ. ಕೆಲಸವೇ ಮುಂದಿನ ಪಾಠಶಾಲೆಯಾಗುತ್ತದೆ.

ಸ್ವಂತ ಉದ್ಯೋಗದ ಸ್ಥಿತಿ ಬೇರೆ. ನಮ್ಮ ದೇಶದಲ್ಲಿ ಇತರರ ಲೆಕ್ಕವನ್ನು ಬರೆದುಕೊಡುವುದಕ್ಕಷ್ಟೇ ಕಾನೂನು ಯಾವ ಪದವಿಯನ್ನೂ ಕೇಳುವುದಿಲ್ಲ. ಆದರೆ ಸಣ್ಣ ವರ್ತಕನಿಗೆ ಲೆಕ್ಕದ ಜೊತೆಗೆ ತೆರಿಗೆಯ ಕೆಲಸವೂ ಆಗಬೇಕು. 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ನಿಯಮಗಳಂತೆ, ವಾಣಿಜ್ಯ, ಕಾನೂನು, ವ್ಯವಹಾರ ನಿರ್ವಹಣೆ ಮೊದಲಾದ ವಿಷಯಗಳ ಪದವೀಧರರು ಜಿ.ಎಸ್.ಟಿ. ಪ್ರಾಕ್ಟೀಷನರರಾಗಿ ಹೆಸರು ನೋಂದಾಯಿಸಿ, ವರ್ತಕರ ಪರವಾಗಿ ವಿವರಪಟ್ಟಿಗಳನ್ನು ಸಲ್ಲಿಸಬಹುದು. ಅಲ್ಪಾವಧಿಯ ತರಬೇತಿಯ ಪ್ರಮಾಣಪತ್ರವೊಂದೇ ಈ ಅಧಿಕಾರವನ್ನು ಕೊಡಲಾರದು. ಕಂಪೆನಿಗಳ ಶಾಸನಬದ್ಧ ಲೆಕ್ಕಪರಿಶೋಧನೆಯಂತೂ ಚಾರ್ಟರ್ಡ್ ಅಕೌಂಟೆಂಟರಿಗೇ ಮೀಸಲು. ಇನ್ನೂ ಒಂದು ಮಾತು: ಪ್ರಾಕ್ಟೀಷನರರು ಸಲ್ಲಿಸಿದ ಪಟ್ಟಿಯಲ್ಲಿ ತಪ್ಪಿದ್ದರೂ ಅದರ ಹೊಣೆ ವರ್ತಕನ ಮೇಲೆಯೇ ಉಳಿಯುತ್ತದೆ. ನಮ್ಮ ಅರೆಗಲಿಕೆಗೆ ದಂಡ ತೆರುವವನು ನಮ್ಮನ್ನು ನಂಬಿದವನು! ಆದಕಾರಣ ಸ್ವಂತ ಕಚೇರಿಯನ್ನು ತೆರೆಯುವ ಮುನ್ನ ಪದವಿಯನ್ನು ಪಡೆದು, ಅನುಭವಿಗಳ ಬಳಿ ಒಂದೆರಡು ವರ್ಷ ದುಡಿಯುವುದು ಉಚಿತ.

ಯಾವ ಶಿಕ್ಷಣಸಂಸ್ಥೆಯಲ್ಲಿಯೇ ಆಗಲಿ, ಶುಲ್ಕವನ್ನು ಕಟ್ಟುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಬಿಲ್ಲು, ರಸೀದಿಗಳ ಕಟ್ಟನ್ನು ಕೈಗಿತ್ತು ಒಂದು ವರ್ಷದ ಲೆಕ್ಕವನ್ನು ಆದ್ಯಂತವಾಗಿ ಬರೆಸುವರೆ? ಅದನ್ನು ಬ್ಯಾಂಕಿನ ಲೆಕ್ಕದೊಂದಿಗೆ ಹೋಲಿಸಿ ನೋಡಲು ಕಲಿಸುವರೆ? ತಾಳೆಯಾಗಿಯೂ ತಪ್ಪಾಗಿರುವ ಲೆಕ್ಕವನ್ನು ಮುಂದಿಟ್ಟು ದೋಷವನ್ನು ಹುಡುಕಿಸುವರೆ? ಮೂರಕ್ಕೂ ಹೌದೆಂಬ ಉತ್ತರ ದೊರೆತರೆ ಅಲ್ಲಿ ಧೈರ್ಯವಾಗಿ ಸೇರಬಹುದು. ಗುಂಡಿಗಳನ್ನು ಒತ್ತುವ ಕ್ರಮವನ್ನಷ್ಟೇ ಕಲಿಸುವಲ್ಲಿ, ಯಂತ್ರಕ್ಕೆ ಈಗಾಗಲೇ ತಿಳಿದಿರುವುದನ್ನೇ ನಾವು ಹಣ ಕೊಟ್ಟು ಕಲಿತಂತಾಗುತ್ತದೆ.