ಒಮ್ಮೆ ನಡೆಯುವ, ಒಮ್ಮೆ ನಿಲ್ಲುವ ಮೋಟಾರು

ಮಳಖೇಡದಿಂದ ಶಹಾಬಾದ್ ತನಕ ಕಾಗಿಣಾ ದಂಡೆಯ ಊರುಗಳಿಗೆ ಸಂಘದ ಸಭೆಗೆ ಹೋದಾಗ ಈ ಮಾತು ನಮಗೆ ಮತ್ತೆ ಮತ್ತೆ ಕೇಳಿಬರುತ್ತದೆ: "ಸಿಸ್ಟರ್, ಪಂಪಿನ ಮೋಟರ್ ಮುಂಜಾನೆ ನಡೀತದ, ಮಧ್ಯಾಹ್ನ ನಿಲ್ತದ. ಸುಟ್ಟಿರಬೇಕು." ಸಾಲ ತೆಗೆದು ವೈಂಡಿಂಗ್ ಮಾಡಿಸುವ ಮೊದಲು ಸ್ವಲ್ಪ ತಡೆಯಿರಿ. ಸುಟ್ಟ ಮೋಟಾರು ಸಾಮಾನ್ಯವಾಗಿ ತಾನಾಗಿ ಮತ್ತೆ ನಡೆಯುವುದಿಲ್ಲ.

ಯಾವಾಗ ನಿಲ್ಲುತ್ತದೆಂದು ಬರೆದಿಡಿ. ಅರ್ಧ ತಾಸು ನಡೆದು ನಿಂತು, ತಣ್ಣಗಾದ ಮೇಲೆ ಮತ್ತೆ ನಡೆದರೆ ಓವರ್‌ಲೋಡ್ ರಿಲೇ ಬೀಳುತ್ತಿರಬಹುದು. ವೋಲ್ಟೇಜ್ ಕಡಿಮೆ ಇರಬೇಕು, ಇಲ್ಲವೆ ಒಂದು ಫೇಸ್ ಹೋಗಿ ಬರುತ್ತಿರಬೇಕು, ಇಲ್ಲವೆ ಪಂಪಿಗೆ ಮರಳು ಸಿಕ್ಕಿರಬೇಕು. ರಿಲೇ ಬೀಳದಂತೆ ತಂತಿ ಕಟ್ಟಿ ಓಡಿಸುವವರನ್ನೂ ಕಂಡಿದ್ದೇವೆ. ಆಗ ಮೋಟಾರು ನಿಜವಾಗಿಯೇ ಸುಡುತ್ತದೆ. ಮಳೆಯಾದ ಮರುದಿನ ಮಾತ್ರ ನಿಂತರೆ ಕೇಬಲ್ ಜೋಡಿಸಿದ ಜಾಗ ತೋರಿಸಿ.

"ಟೆಸ್ಟರ್ ಹತ್ತತದ, ಲೈನ್ ಚಲೋ ಅದ" ಅನ್ನುವುದನ್ನು ನಂಬಬೇಡಿ. ಟೆಸ್ಟರಿಗೆ ಬೇಕಾದ ಕರೆಂಟು ಬಹಳ ಕಡಿಮೆ. ಸಡಿಲ ಸ್ಕ್ರೂ, ಕರಿಗಟ್ಟಿದ ಕಾಂಟ್ಯಾಕ್ಟ್ ಇದ್ದರೂ ಅದು ಹತ್ತುತ್ತದೆ. ಮೋಟಾರು ಕರೆಂಟು ಎಳೆದಾಗಲೇ ಅಲ್ಲಿ ವೋಲ್ಟೇಜ್ ಬೀಳುವುದು. ಆದ್ದರಿಂದ ಎಲೆಕ್ಟ್ರಿಷಿಯನ್ ಬಂದಾಗ, ಮೋಟಾರು ನಡೆಯುತ್ತಿರುವಾಗಲೇ, ಸ್ಟಾರ್ಟರಿಗೆ ಬರುವ ಕಡೆ ಮತ್ತು ಹೋಗುವ ಕಡೆ ಎರಡೂ ಮೀಟರ್ ಹಿಡಿಸಿ. ಬರುವ ಕಡೆ ಮೂರೂ ಫೇಸ್‌ಗಳ ನಡುವೆ 415 ವೋಲ್ಟಿನ ಆಸುಪಾಸು ಇದ್ದು, ಹೋಗುವ ಕಡೆ ಕಡಿಮೆಯಾದರೆ ದೋಷ ಸ್ಟಾರ್ಟರಿನೊಳಗೇ ಇದೆ. ಸ್ಕ್ರೂ ಬಿಗಿ ಮಾಡುವುದು ಮೇನ್ ತೆಗೆದ ಮೇಲೆಯೇ.

ಇನ್ನು ಅರ್ಥಿಂಗ್. ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಬಿರುಕು ಬಿಟ್ಟು ಅರ್ಥಿಂಗ್ ಸಲಾಕೆಯ ಹಿಡಿತ ಬಿಡುತ್ತದೆ. ಗುಂಡಿಗೆ ನೀರು ಹಾಕುತ್ತಿರಿ. ರಾತ್ರಿ ಕರೆಂಟು ಬಂದಾಗ ಸ್ಟಾರ್ಟರ್ ಹಚ್ಚಲು ಮಕ್ಕಳನ್ನು ಕಳಿಸಬೇಡಿ. ಡಬ್ಬಿ ಮುಟ್ಟಿದಾಗ ಕೈ ಜುಮ್ ಅಂದರೆ, ಬೆಳೆ ಬಾಡಿದರೂ ಸರಿ, ಅದು ರಿಪೇರಿ ಆಗುವ ತನಕ ಮೋಟಾರು ಹಚ್ಚಬೇಡಿ.