ಮೀನಿನ ಕೊಳದಲ್ಲಿ ಸೂಕ್ಷ್ಮಾಣುವಿನ ವಿಷ

ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಸಾಕುವ ಕೊಳಗಳಲ್ಲಿ ಒಮ್ಮೊಮ್ಮೆ ಭಯಂಕರವಾದ ರೋಗವೊಂದು ತಲೆದೋರುವುದುಂಟು. ಮೀನಿನ ಮೈಮೇಲೆ ಕೆಂಪು ಕಲೆಗಳು ಮೂಡುತ್ತವೆ. ಹೊಟ್ಟೆ ನೀರು ತುಂಬಿ ಉಬ್ಬುತ್ತದೆ. ಹುರುಪೆಗಳು ನಿಮಿರಿ ನಿಲ್ಲುತ್ತವೆ. ಮೀನಿನ ಜಲೋದರವೆಂದೇ ಇದನ್ನು ಕರೆಯಬಹುದು. ಇದನ್ನುಂಟುಮಾಡುವ ಬ್ಯಾಕ್ಟೀರಿಯಗಳಲ್ಲಿ ಏರೋಮೊನಾಸ್ ಹೈಡ್ರೋಫಿಲ ಎಂಬುದು ಮುಖ್ಯವಾದುದು. ಇದು ಎಲ್ಲಿಂದಲೋ ಬಂದ ಶತ್ರುವಲ್ಲ. ಕೊಳದ ನೀರಿನಲ್ಲಿಯೂ ಆರೋಗ್ಯವಂತ ಮೀನಿನ ಕರುಳಿನಲ್ಲಿಯೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನೆರೆಯವನಂತೆ ಬಾಳುತ್ತಿದ್ದ ಈ ಜೀವಿ ಕೊಲೆಗಡುಕನಾಗುವುದೆಂತು? ಅದು ಹೊರಸೂಸುವ ವಿಷಗಳಲ್ಲಿ ಉತ್ತರದ ಒಂದು ಭಾಗ ಅಡಗಿದೆ.

ನಾವು ಭೌತವಿಜ್ಞಾನವನ್ನು ಬೋಧಿಸುವವರು. ರೋಗಶಾಸ್ತ್ರ ನಮ್ಮ ಕ್ಷೇತ್ರವಲ್ಲ. ಆದರೆ ಈ ವಿಷಗಳಲ್ಲೊಂದಾದ ಏರೋಲೈಸಿನ್ನಿನ ವರ್ತನೆಯನ್ನು ನೋಡಿದರೆ ಅದು ಭೌತವಿಜ್ಞಾನದ ಪಾಠದಂತೆಯೇ ಕಾಣುತ್ತದೆ. ಬ್ಯಾಕ್ಟೀರಿಯ ಇದನ್ನು ನಿರಪಾಯಕರವಾದ ಪ್ರೋಟೀನಿನ ರೂಪದಲ್ಲಿ ಹೊರಬಿಡುತ್ತದೆ. ಅದರ ತುದಿಯ ಸುಮಾರು 40 ಅಮೈನೊ ಆಮ್ಲಗಳ ತುಣುಕನ್ನು ಕತ್ತರಿಸಿದ ಮೇಲೆಯೇ ಅದು ವಿಷವಾಗುವುದು. ಈ ಕತ್ತರಿಯ ಕೆಲಸವನ್ನು ಆಕ್ರಮಣಕ್ಕೊಳಗಾದ ಪ್ರಾಣಿಯ ಕಿಣ್ವಗಳೇ ಮಾಡಿಕೊಡಬಲ್ಲವು! ಅನಂತರ ಏಳು ಅಣುಗಳು ಉಂಗುರದಂತೆ ಜೋಡಿಸಿಕೊಂಡು ಜೀವಕೋಶದ ಪೊರೆಯಲ್ಲಿ ರಂಧ್ರವನ್ನು ಕೊರೆಯುತ್ತವೆ. ಅದರ ವ್ಯಾಸ ಸುಮಾರು ಒಂದೂವರೆ ನ್ಯಾನೊಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿ ಒಂದೂವರೆ ಪಾಲನ್ನು ತೆಗೆದುಕೊಂಡಷ್ಟು.

ಇಲ್ಲೊಂದು ಸಮಸ್ಯೆಯಿದೆ. ರಕ್ತದ ಕೆಂಪು ಕಣದೊಳಗಿನ ಹೀಮೊಗ್ಲೋಬಿನ್ ಅಣುವಿನ ಅಗಲ ಐದಾರು ನ್ಯಾನೊಮೀಟರು. ಅದು ಈ ರಂಧ್ರದಲ್ಲಿ ತೂರಲಾರದು. ಹಾಗಿದ್ದರೂ ರಕ್ತಕಣ ಒಡೆದು ಅದೆಲ್ಲವೂ ಹೊರಚೆಲ್ಲುವುದೇಕೆ? ವಾಚಕರು ಅಭಿಸರಣ ಕ್ರಿಯೆಯನ್ನು ನೆನೆಯಬೇಕು: ಪೊರೆಯ ಎರಡು ಬದಿಗಳಲ್ಲಿ ದ್ರವಗಳ ಸಾಂದ್ರತೆ ಬೇರೆಯಾಗಿದ್ದರೆ ನೀರು ಹೆಚ್ಚು ಸಾಂದ್ರವಾದ ಕಡೆಗೆ ಹರಿಯುತ್ತದೆ. ರಂಧ್ರವಾದೊಡನೆ ಉಪ್ಪುಗಳು ಒಳಗೂ ಹೊರಗೂ ಸಮನಾಗುತ್ತವೆ. ಹೊರಬರಲಾರದ ಹೀಮೊಗ್ಲೋಬಿನ್ ಮಾತ್ರ ಒಳಗೆ ಅಧಿಕವಾಗಿ ಉಳಿಯುತ್ತದೆ. ಅದರ ಸೆಳೆತಕ್ಕೆ ನೀರು ನುಗ್ಗುತ್ತದೆ, ಜೊತೆಯಲ್ಲಿ ಉಪ್ಪೂ ನುಗ್ಗುತ್ತದೆ. ಕಣ ಉಬ್ಬಿ ಬಿರಿಯುತ್ತದೆ. ವಿಷ ಬಾಗಿಲು ತೆರೆದುದಷ್ಟೆ, ಕೊಂದದ್ದು ನೀರು.

ಸಿಹಿನೀರಿನ ಮೀನಿಗೆ ಈ ಅಪಾಯ ಇನ್ನೂ ಹೆಚ್ಚು. ಅದರ ರಕ್ತದ ಅಭಿಸರಣ ಒತ್ತಡ ಸುಮಾರು 7 ವಾಯುಮಂಡಲಗಳಷ್ಟು. ಸುತ್ತಣ ಕೊಳದ ನೀರಿನದು ಅತ್ಯಲ್ಪ. ಆದುದರಿಂದ ಕಿವಿರುಗಳ ಮೂಲಕ ನೀರು ಸದಾ ಒಳಕ್ಕೆ ಬರುತ್ತಲೇ ಇರುತ್ತದೆ. ಮೂತ್ರಪಿಂಡಗಳು ಅದನ್ನು ಸದಾ ಹೊರಹಾಕುತ್ತಿರಬೇಕು. ಆ ಅಂಗಗಳೇ ಕೆಟ್ಟಾಗ ಹೊಟ್ಟೆ ಉಬ್ಬುವುದರಲ್ಲಿ ಆಶ್ಚರ್ಯವಿಲ್ಲ.

ಏರೋಲೈಸಿನ್ ಒಂದರಿಂದಲೇ ಎಲ್ಲವೂ ಆಗುವುದೆಂದು ಭಾವಿಸಬಾರದು. ಇತರ ರಕ್ತನಾಶಕ ವಿಷಗಳೂ ಪ್ರೋಟೀನನ್ನು ಸೀಳುವ ಕಿಣ್ವಗಳೂ ಅದರೊಡನೆ ಕೂಡುತ್ತವೆ. ಸಾಮನ್ ಮತ್ತು ಟ್ರೌಟ್ ಮೀನುಗಳನ್ನು ಪೀಡಿಸುವ ಏರೋಮೊನಾಸ್ ಸಾಲ್ಮೊನಿಸಿಡ ಎಂಬ ಸೋದರಜಾತಿಯಂತೂ ಸೂಜಿಯಂಥ ಸಾಧನದಿಂದ ವಿಷವನ್ನು ನೇರವಾಗಿ ಜೀವಕೋಶದೊಳಕ್ಕೇ ಚುಚ್ಚುತ್ತದೆ. ತಳಿಯಿಂದ ತಳಿಗೆ ಉಗ್ರತೆಯೂ ಬೇರೆ. 2009ರಲ್ಲಿ ಅಮೆರಿಕದ ಅಲಬಾಮ ಸಂಸ್ಥಾನದ ಕ್ಯಾಟ್‌ಫಿಷ್ ಕೊಳಗಳಲ್ಲಿ ಹೈಡ್ರೋಫಿಲದ ಅತ್ಯುಗ್ರ ತಳಿಯೊಂದು ಮಾರಿಯಂತೆ ಹಬ್ಬಿತು; ಏಷ್ಯದ ಗೆಂಡೆಮೀನುಗಳಲ್ಲಿನ ತಳಿಗಳಿಗೆ ಅದು ಬಹು ಸಮೀಪದ ಬಂಧುವೆಂದು ಅನಂತರ ತಿಳಿದುಬಂದಿತು.

ರೋಗ ಕಂಡೊಡನೆ ಕೃಷಿಕನು ಪ್ರತಿಜೀವಕದ ಮೊರೆಹೋಗುವುದು ಸಹಜ. ಆದರೆ ಆ ಔಷಧಿ ಬ್ಯಾಕ್ಟೀರಿಯವನ್ನು ಕೊಲ್ಲಬಹುದೇ ಹೊರತು, ಅದಾಗಲೇ ಪೊರೆಯಲ್ಲಿ ಕೊರೆದ ರಂಧ್ರವನ್ನು ಮುಚ್ಚಲಾರದು. ಮೇಲಾಗಿ ಔಷಧಿಯನ್ನು ಬೆರೆಸುವುದು ಮೇವಿನಲ್ಲಿ. ಕಾಯಿಲೆ ಬಲಿತ ಮೀನು ಮೇವನ್ನೇ ಮುಟ್ಟುವುದಿಲ್ಲ. ಬೇಕಾಬಿಟ್ಟಿ ಬಳಕೆಯಿಂದ ಔಷಧಿಗೆ ಬಗ್ಗದ ತಳಿಗಳು ಬೆಳೆಯುವುದೂ ಉಂಟು. ಕಿಕ್ಕಿರಿದ ಕೊಳದಲ್ಲಿ ಮೀನಿನ ತ್ರಾಣ ಕುಗ್ಗಿದಾಗಲೇ ಬ್ಯಾಕ್ಟೀರಿಯದ ಕೈ ಮೇಲಾಗುವುದರಿಂದ, ಮೊದಲು ನೋಡಬೇಕಾದುದು ನೀರನ್ನು. 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆಯಷ್ಟು ಮಾತ್ರ. ಇರುಳೆಲ್ಲ ಪಾಚಿಯೂ ಮೀನೂ ಅದನ್ನೇ ಉಸಿರಾಡುವುದರಿಂದ ನಸುಕಿನ ವೇಳೆಗೆ ಅದು ಅತಿ ಕಡಿಮೆಯಾಗಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿವೆಯೇ ಎಂದು ಸೂರ್ಯೋದಯಕ್ಕೆ ಮುನ್ನವೇ ಕೊಳದ ದಂಡೆಗೆ ಹೋಗಿ ನೋಡಬೇಕು.