ದೋಣಿಗೆ ತಕ್ಕ ದುರ್ಬೀನು

ಹಾವೇರಿಯ ಹೆಗ್ಗೇರಿ ಕೆರೆಯ ದಡದಲ್ಲಿ ನಿಂತು ನೀರುಕಾಗೆಯನ್ನು ನೋಡುವುದು ಬೇರೆ. ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರೆಯಲ್ಲಿ ಹರಿಗೋಲಿನೊಳಗೆ ಕುಳಿತು ನೋಡುವುದು ಬೇರೆ. ದಡದಲ್ಲಿ ಸೊಗಸಾಗಿ ತೋರಿದ ದುರ್ಬೀನು ನೀರಿನ ಮೇಲೆ ಕೈಕೊಡುವುದುಂಟು. ಇದಕ್ಕೆ ಕಾರಣವೇನು? ವಿಚಾರಿಸೋಣ. ಹರಿಗೋಲಿನಂತೆಯೇ ಹಿಂದೆ ಚರ್ಮ ಹೊದಿಸಿ ಕಟ್ಟುತ್ತಿದ್ದ, ಇನುಯಿಟ್ ಜನರ ಕಯಾಕ್ ದೋಣಿಗೂ ಈ ಮಾತು ಸಲ್ಲುತ್ತದೆ.

ದುರ್ಬೀನಿನ ಮೇಲೆ 7×50, 10×25 ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ವರ್ಧನ, ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ವರ್ಧನ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸುವುದು ಸಹಜ. ಆದರೆ ದುರ್ಬೀನು ಹಕ್ಕಿಯನ್ನು ಹಿಗ್ಗಿಸುವಂತೆ ಅಲುಗಾಟವನ್ನೂ ಹಿಗ್ಗಿಸುತ್ತದೆ. ದೋಣಿ ಓಲಾಡಿ ಉಪಕರಣವು ಡಿಗ್ರಿಯ ಹತ್ತರಲ್ಲೊಂದು ಪಾಲು ತಿರುಗಿದರೆ, 10 ವರ್ಧನದಲ್ಲಿ ನೋಟವು ಸುಮಾರು ಒಂದು ಡಿಗ್ರಿ, ಎಂದರೆ ಬರಿಗಣ್ಣಿಗೆ ಕಾಣುವ ಪೂರ್ಣಚಂದ್ರನ ಎರಡರಷ್ಟು ಅಗಲ, ಜಿಗಿಯುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಗಟ್ಟಿ ನೆಲಕ್ಕೆ 10 ಆಗಬಹುದು. ದೋಣಿಗೆ 7 ಲೇಸು.

ಇನ್ನು ಬೆಳಕಿನ ವಿಷಯ. ವ್ಯಾಸವನ್ನು ವರ್ಧನದಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂತೆಯ ಅಗಲ ದೊರೆಯುತ್ತದೆ. ಅದು 10×25ರಲ್ಲಿ 2.5 ಮಿ.ಮೀ.; 7×50ರಲ್ಲಿ ಸುಮಾರು 7 ಮಿ.ಮೀ. ಬಿಸಿಲಿನಲ್ಲಿ 2–3 ಮಿ.ಮೀ. ಇರುವ ನಮ್ಮ ಪಾಪೆ ಕತ್ತಲಲ್ಲಿ, ಎಳೆಯ ವಯಸ್ಸಿನವರಲ್ಲಿ, 7 ಮಿ.ಮೀ.ವರೆಗೂ ಅರಳುತ್ತದೆ. ಆದುದರಿಂದ ನಸುಕಿನ ನೋಟಕ್ಕೆ ಅಗಲವಾದ ಕಂತೆಯೇ ಬೇಕು. ದೋಣಿ ಅಲುಗಿದರೂ ಕಣ್ಣು ಅದರಿಂದ ಸುಲಭವಾಗಿ ತಪ್ಪುವುದಿಲ್ಲ. ಭಾರವೆನಿಸಿದರೆ 7×35 ಮಧ್ಯಮ ಮಾರ್ಗ.

ಮೂರನೆಯದು ನೀರು. ಬಿಸಿಲಿನಲ್ಲಿ ಕಾದ ದುರ್ಬೀನು ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ. ಸಂದುಗಳು ಸಡಿಲವಾಗಿದ್ದರೆ ಉಪಕರಣವು ತಾನೇ ನೀರನ್ನು ಹೀರುತ್ತದೆ. ಹಸಿ ಆರದ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬಿದರೆ ಏನಾಗುವುದೆಂದು ಬ್ಯಾಡಗಿಯವರಿಗೆ ಹೇಳಬೇಕಾಗಿಲ್ಲ. ಒಳಗೆ ತೇವವುಳಿದ ಮಸೂರಕ್ಕೂ ಬೂಷ್ಟು ಹಿಡಿಯುತ್ತದೆ. ಆದಕಾರಣ ಸಂದುಗಳಿಗೆ ರಬ್ಬರ್ ಉಂಗುರ ಕೂಡಿಸಿ, ಒಳಗೆ ಒಣ ಸಾರಜನಕ ತುಂಬಿದುದನ್ನೇ ಆರಿಸತಕ್ಕದ್ದು. ‘ಐಪಿಎಕ್ಸ್ 7’ ಎಂಬ ಗುರುತಿದ್ದರೆ, ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿಡುವ ಪರೀಕ್ಷೆಯನ್ನು ತಾಳಬಲ್ಲುದೆಂದು ಅರ್ಥ.

ಆದರೆ ನೀರು ಹೊಗದ ವಸ್ತುವೆಲ್ಲ ತೇಲುವುದಿಲ್ಲ. ತೇಲುವ ಪಟ್ಟಿಯನ್ನು ಕಟ್ಟದಿದ್ದರೆ ದುರ್ಬೀನು ನದಿಯ ತಳ ಸೇರುವುದು. ಅದನ್ನು ಹಿಡಿಯಲು ಬಾಗಿದವನು ದೋಣಿಯನ್ನೇ ಮಗುಚಬಹುದು. ಜೀವರಕ್ಷಕ ಅಂಗಿ ಮೊದಲು, ದುರ್ಬೀನು ಆಮೇಲೆ.

ಕೊಳ್ಳುವಾಗ ದುರ್ಬೀನನ್ನು ಬೆಳಕಿನ ಕಡೆಗೆ ಹಿಡಿದು ತೋಳಿನಳತೆಯ ದೂರದಿಂದ ನೋಡಿರಿ. ನೇತ್ರಮಸೂರದಲ್ಲಿ ದುಂಡನೆಯ ಬಿಲ್ಲೆಯೊಂದು ಹೊಳೆಯುತ್ತದೆ. ಅದೇ ನಾವು ಲೆಕ್ಕ ಹಾಕಿದ ಕಂತೆ. ಅಳತೆಪಟ್ಟಿಯಿಂದ ಅಳೆದು ಭಾಗಾಕಾರದೊಡನೆ ಹೋಲಿಸಿರಿ. ಸೂರ್ಯನ ಕಡೆಗೆ ಮಾತ್ರ ಎಂದಿಗೂ ತಿರುಗಿಸಬೇಡಿರಿ.